ಕುಟ್ರು ಹಕ್ಕಿಗೆ ಸನ್ಮಾನ

ಪಾರ್ಕಿನ ಹೊಂಗೆ ಮರದಲ್ಲಿ ಪೊಟರೆ ಕೊರೆದುಕೊಂಡು ಒಂದು ಕುಟ್ರು ಹಕ್ಕಿ ಸಂಸಾರ ಹೂಡಿತ್ತು. ಮರ ಕಡಿದು ಅಂಗಡಿ ಮಳಿಗೆ ಕಟ್ಟುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅದು ದಿನವೂ ಪುರಸಭೆಯ ಕಿಟಕಿಯಲ್ಲಿ ಕೂತು ಕೂಗತೊಡಗಿತು: "ಅಧ್ಯಕ್ಷರೇ, ಮರ ಉಳಿಸಿ."

ಅಧ್ಯಕ್ಷ ಸ್ಥಾನದಲ್ಲಿದ್ದ ಎಮ್ಮೆ ಮೆಲುಕು ಹಾಕುತ್ತಲೇ ಹೇಳುತ್ತಿತ್ತು: "ತಮ್ಮ ಕಳಕಳಿ ದೊಡ್ಡದು. ಪರಿಶೀಲಿಸೋಣ."

ಕೂಗು ಮಾತ್ರ ನಿಲ್ಲಲಿಲ್ಲ. ಕೊನೆಗೆ ಎಮ್ಮೆ ಸದಸ್ಯರನ್ನೆಲ್ಲ ಕರೆಸಿ, "ಪರಿಸರದ ಬಗ್ಗೆ ಇಷ್ಟು ಕಾಳಜಿ ಇರುವವರನ್ನು ನಾವು ಸುಮ್ಮನೆ ಬಿಡಬಾರದು" ಎಂದಿತು. ಹಕ್ಕಿಗೆ ಸಾರ್ವಜನಿಕ ಸನ್ಮಾನ ಮಾಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಪರಿಸರ ದಿನದಂದು ಹಕ್ಕಿಯನ್ನು ಬೆಳಗ್ಗೆಯಿಂದ ಊರೆಲ್ಲ ಮೆರವಣಿಗೆ ಮಾಡಿಸಿ, ಸಂಜೆ ಪಾರ್ಕಿಗೆ ಕರೆತಂದರು. ಹೊಂಗೆ ಮರವಿದ್ದ ಜಾಗದಲ್ಲಿ ವೇದಿಕೆ ಎದ್ದಿತ್ತು. ಹಕ್ಕಿ ಬಾಯಿ ತೆರೆಯುವಷ್ಟರಲ್ಲಿ ಶಾಲು ಹೊದಿಸಿದರು, ರೆಕ್ಕೆ ಬಿಚ್ಚಲಾಗಲಿಲ್ಲ. ಹಾರ ಹಾಕಿದರು, ಆ ಭಾರಕ್ಕೆ ಕೂಗು ಗಂಟಲಲ್ಲೇ ಉಳಿಯಿತು. ಆಮೇಲೆ ಚಪ್ಪಾಳೆಯ ನಡುವೆ ಆಗತಾನೇ ಕೆತ್ತಿದ ಮರದ ಸ್ಮರಣಿಕೆ ಕೊಟ್ಟರು. ಅದರ ನಡುವೆ ಹಕ್ಕಿಯೇ ಕೊರೆದಿದ್ದ ಪೊಟರೆ ಹಾಗೇ ಇತ್ತು.

"ಸ್ವಾಮಿ, ಇದನ್ನು ಎಲ್ಲಿಡಲಿ?" ಎಂದು ಹಕ್ಕಿ ಮೆಲ್ಲಗೆ ಕೇಳಿತು.

"ಮನೆಯಲ್ಲೇ ಇಡಿ," ಎಂದಿತು ಎಮ್ಮೆ, ಮೆಲುಕು ನಿಲ್ಲಿಸದೆ. "ಬಂದು ಹೋಗುವವರಿಗೆ ಕಾಣುವ ಹಾಗೆ."