ಇಟ್ಟಿಗೆಯವಳ ಕಟ್ಟುಹಾವು

“ಗುರುಗಳೇ, ನನ್ನನ್ನು ಸಾಕಿದ ಅಕ್ಕ ತೀರಿಹೋಗಿ ಮೂರು ವರ್ಷವಾಯಿತು. ಹಂಬಲ ಇನ್ನೂ ಹೋಗಿಲ್ಲ. ಜಪಕ್ಕೆ ಕೂತರೂ ಅದೇ, ಊಟಕ್ಕೆ ಕೂತರೂ ಅದೇ. ಇದನ್ನು ಬೇರುಸಹಿತ ಕಿತ್ತುಹಾಕುವುದು ಹೇಗೆ?” ಎಂದು ಶಿಷ್ಯ ಮರಿಬಸವ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. “ನಿನ್ನ ಮಾತು ಕೇಳಿದರೆ ನಾನು ಕಳೆ ಕೀಳುವ ಕೂಲಿಯವನು ಎಂದುಕೊಂಡ ಹಾಗಿದೆ. ಕೂತುಕೋ. ಒಬ್ಬ ಇಟ್ಟಿಗೆಯವಳ ಕತೆ ಹೇಳುತ್ತೇನೆ” ಎಂದರು.

ಒಂದು ಹೊಳೆಯ ದಂಡೆಯಲ್ಲಿ ಗಂಡ ಹೆಂಡತಿ ಇಟ್ಟಿಗೆ ಸುಟ್ಟು ಬದುಕುತ್ತಿದ್ದರು. ಅವನು ಮಣ್ಣು ತುಳಿದು ಹದ ಮಾಡುತ್ತಿದ್ದ, ಅವಳು ಅಚ್ಚಿಗೆ ತುಂಬುತ್ತಿದ್ದಳು. ಇಬ್ಬರಿಗೂ ಮಾತು ಹೆಚ್ಚು. ಮಣ್ಣು ಮೆತ್ತಗಾದರೂ ಜಗಳ, ಗಟ್ಟಿಯಾದರೂ ಜಗಳ. ಸಂಜೆ ಇಟ್ಟಿಗೆ ಸುಡುವ ಗೂಡಿನ ಪಕ್ಕದ ಕಲ್ಲಿನ ಮೇಲೆ ಕೂತು ಆ ದಿನ ನಡೆದದ್ದನ್ನೆಲ್ಲ ಮತ್ತೊಮ್ಮೆ ಮಾತಾಡಿಕೊಂಡೇ ಏಳುತ್ತಿದ್ದರು.

ಒಂದು ಮಳೆಗಾಲದ ಬೆಳಗ್ಗೆ ಗಂಡ ಚಾಪೆಯಿಂದ ಏಳಲಾರದೆ ಹೊಟ್ಟೆನೋವು ಎಂದ. ಮೈಮೇಲೆ ಗಾಯ ಕಾಣಲಿಲ್ಲ, ಊತವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಲಾಗಲಿಲ್ಲ, ನಾಲಿಗೆ ತೊದಲಿತು. ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಉಸಿರು ನಿಂತಿತು. ಹುಳ ಮುಟ್ಟಿದೆ ಎಂದರು ಹಿರಿಯರು. ಅಂಥ ಹೊತ್ತಿನಲ್ಲಿ ಹಾವು ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ.

ಊರಿನವರು ಕೋಲು ಹಿಡಿದು ಗೂಡನ್ನೆಲ್ಲ ಜಾಲಾಡಿದರು. ಸಂದಿಯಲ್ಲಿದ್ದ ಒಂದು ಹಾವನ್ನು ಹೊಡೆದು ತಂದು ಅವಳ ಮುಂದೆ ಹಾಕಿ, ಸೇಡು ತೀರಿತು ಎಂದರು. ಅದು ಕೇರೆಹಾವು. ಇಲಿ ತಿಂದುಕೊಂಡು ವರ್ಷಗಟ್ಟಲೆ ಅದೇ ಗೂಡಿನಲ್ಲಿ ಇದ್ದದ್ದು. ಅದಕ್ಕೆ ವಿಷವೇ ಇಲ್ಲ. ಅವಳ ಗಂಡ ಅದು ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದ. ಜನರಿಗೇನು, ಏನಾದರೊಂದನ್ನು ಹೊಡೆದರೆ ಸಮಾಧಾನ. ಅವಳಿಗೆ ಆಗಲಿಲ್ಲ. ತನ್ನ ಗಂಡನನ್ನು ಒಯ್ದದ್ದು ಯಾವುದು ಎಂದು ತಿಳಿಯಬೇಕು, ಅದನ್ನೇ ಹುಡುಕಿ ಹೊಡೆಯಬೇಕು ಎಂದುಕೊಂಡಳು.

ಅವಳು ಹಾವು ಹಿಡಿಯುವ ಒಬ್ಬ ಮುದುಕನ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು.

‘ಗಾಯ ಕಾಣದ ಹಾಗೆ, ಊದದ ಹಾಗೆ, ನೆಲದಲ್ಲಿ ಮಲಗಿದವರನ್ನ ಕಚ್ಚಿ ಹೋಗೋದು ಕಟ್ಟುಹಾವು ತಾಯಿ’ ಎಂದ ಮುದುಕ. ‘ಕಪ್ಪು ಮೈ, ಬಿಳಿ ಪಟ್ಟೆ. ತೋಳದ ಹಾವೂ ಹಾಗೇ ಕಾಣುತ್ತೆ, ಅದು ಪಾಪದ್ದು, ವಿಷ ಇಲ್ಲ. ಪಟ್ಟೆ ಕತ್ತಿನ ಹತ್ರಾನೇ ಶುರುವಾದ್ರೆ ತೋಳದ ಹಾವು. ತಲೆಯಿಂದ ಗೇಣುದ್ದ ಬಿಟ್ಟು ಶುರುವಾದ್ರೆ ಕಟ್ಟುಹಾವು. ಗೊತ್ತಾಗ್ಲಿಲ್ಲ ಅಂದ್ರೆ ಕಟ್ಟುಹಾವು ಅಂತಲೇ ತಿಳ್ಕೊ. ಯಾವುದೇ ಆಗಲಿ, ಮೊದಲು ಕಾಲು ಹಿಂದಕ್ಕೆ ಬರಲಿ, ಆಮೇಲೆ ಕಣ್ಣು ಮುಂದಕ್ಕೆ ಹೋಗಲಿ.’

ಅವಳು ಹೊಡೆಯಲೆಂದೇ ಕಲಿತಳು. ಆದರೆ ಕೇರೆಗೆ ಆದದ್ದು ಇನ್ನೊಂದಕ್ಕೆ ಆಗಬಾರದಲ್ಲ. ಹಾಗಾಗಿ ಸರಿಯಾಗಿ ನೋಡದೆ ಕೈ ಎತ್ತಲಿಲ್ಲ. ನೋಡಬೇಕಾದರೆ ದೂರ ನಿಲ್ಲಬೇಕು, ಅಲುಗಾಡದೆ ನಿಲ್ಲಬೇಕು, ಅದಾಗಿ ಅದು ತಲೆ ತೋರಿಸುವವರೆಗೆ ಕಾಯಬೇಕು. ನೋಡುತ್ತ ನೋಡುತ್ತ ನಾಗರ, ಕೊಳಕುಮಂಡಲ, ನೀರುಹಾವು, ಹಸಿರುಹಾವು ಎಲ್ಲದರ ಗುರುತೂ ಅವಳಿಗೆ ಸಿಕ್ಕಿತು. ಸುತ್ತಲಿನ ಗೂಡುಗಳ ಕೆಲಸದವರನ್ನೆಲ್ಲ ಬೈದು ಬೈದು ಮಂಚದ ಮೇಲೆ ಮಲಗಿಸಿದಳು. ಹಾವು ಕಂಡರೆ ಜನ ಕೋಲು ಹುಡುಕುವುದನ್ನು ಬಿಟ್ಟು ಅವಳನ್ನು ಹುಡುಕತೊಡಗಿದರು.

ಒಮ್ಮೆ ಒಬ್ಬರ ಅಡುಗೆಮನೆಯ ಮೂಲೆಯಲ್ಲಿ ಪಟ್ಟೆಹಾವು ಸೇರಿಕೊಂಡಿತ್ತು. ಎಲ್ಲರೂ ಕಟ್ಟುಹಾವು ಎಂದು ಕೂಗಾಡುತ್ತಿದ್ದರು. ಅವಳು ಹೊಸ್ತಿಲ ಆಚೆ ನಿಂತು ಬಹಳ ಹೊತ್ತು ನೋಡಿ, ತೋಳದ ಹಾವು, ಬಾಗಿಲು ತೆಗೆದಿಡಿ, ಹೋಗುತ್ತದೆ ಎಂದಳು. ತಾನು ಹುಡುಕುತ್ತಿದ್ದದ್ದು ಅದಲ್ಲವೆಂದು ಗೊತ್ತಾದಾಗ ಅವಳಿಗೆ ನಿರಾಸೆಯಾಗಬೇಕಿತ್ತು. ಆದರೆ ಪ್ರತಿ ಸಲವೂ ಒಳಗೊಳಗೇ ಹಗುರವಾಗುತ್ತಿತ್ತು. ಯಾಕೆಂದು ಅವಳಿಗೂ ತಿಳಿಯುತ್ತಿರಲಿಲ್ಲ.

ಸಂಜೆ ಅದೇ ಕಲ್ಲಿನ ಮೇಲೆ ಒಬ್ಬಳೇ ಕೂರುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ‘ಇವತ್ತು ಕಂಡಿದ್ದು ತೋಳದ ಹಾವು. ಅದಲ್ಲ ಕಣಯ್ಯ’ ಎನ್ನುತ್ತಿದ್ದಳು. ಹೇಳಿ ಆ ಜಾಗದ ಕಡೆ ಕಿವಿ ಕೊಡುತ್ತಿದ್ದಳು, ಅವನು ಏನೋ ಅಂದಾನು ಎಂದು. ಅವನು ಬೇಕಾಗಿತ್ತು ಅವಳಿಗೆ. ಜಗಳಕ್ಕಾದರೂ ಬೇಕಾಗಿತ್ತು.

ಹನ್ನೊಂದು ವರ್ಷ ಹೀಗೆ ಹೋಯಿತು.

ಒಂದು ದಿನ ಹಳೆಯ ಇಟ್ಟಿಗೆ ತೆಗೆಯುವಾಗ ಕೆಳಗಿನ ಸಾಲಿನಲ್ಲಿ ಒಂದು ಕಪ್ಪು ಹಾವು ಸುತ್ತಿಕೊಂಡು ಮಲಗಿತ್ತು. ಬಿಳಿ ಪಟ್ಟೆ ಇತ್ತು. ತಲೆ ಸುರುಳಿಯ ಒಳಗಿತ್ತು. ಅವಳು ಹಿಂದೆ ಸರಿದಳು, ಎಲ್ಲರನ್ನೂ ದೂರ ಕಳಿಸಿದಳು, ಉದ್ದನೆಯ ಬಿದಿರು ಗಳ ತರಿಸಿಕೊಂಡು ಕೂತಳು. ಹಗಲೆಲ್ಲ ಹಾವು ಅಲ್ಲಾಡಲಿಲ್ಲ. ಅವಳೂ ಏಳಲಿಲ್ಲ, ಊಟಕ್ಕೂ ಏಳಲಿಲ್ಲ. ಹೊತ್ತು ಇಳಿದ ಮೇಲೆ ಸುರುಳಿ ಬಿಚ್ಚಿಕೊಂಡು ತಲೆ ಹೊರಗೆ ಬಂತು. ತಲೆಯಿಂದ ಗೇಣುದ್ದ ಪಟ್ಟೆಯೇ ಇರಲಿಲ್ಲ. ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು.

ಅವಳು ಗಳ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಹಾವು ಅವಸರವಿಲ್ಲದೆ ಇಟ್ಟಿಗೆ ದಾಟಿ, ಬದು ದಾಟಿ, ಹೊಳೆಯ ಕಡೆಯ ಪೊದೆಗೆ ಹೋಯಿತು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನನ್ನು ಕೇಳಬೇಡ. ನಾನು ಆ ಗಳ ಹಿಡಿದವನಲ್ಲ.

ದೂರದಿಂದ ನೋಡುತ್ತಿದ್ದ ಪಕ್ಕದ ಗೂಡಿನವಳು ಓಡಿಬಂದಳು. ‘ಅದೇ ಅಲ್ವೇನಕ್ಕ? ಹನ್ನೊಂದು ವರ್ಷ ಕಾದು ಕಾದು, ಕಣ್ಣೆದುರಿಗೆ ಬಂದಿದ್ದನ್ನ ಬಿಟ್ಟುಬಿಟ್ಟೆಯಲ್ಲ!’

ಇಟ್ಟಿಗೆಯವಳು ಗಳ ಕೆಳಗಿಟ್ಟು ಅತ್ತಳು. ಗಂಡ ಸತ್ತ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಅಳುತ್ತಲೇ ಹೇಳಿದಳು: ‘ಹೊಡೆದಿದ್ರೆ ಇವತ್ತು ಸಂಜೆ ಅವನಿಗೆ ಹೇಳೋಕೆ ಮಾತಿರ್ತಿತ್ತು ಕಣೆ. ನಾಳೆ ಸಂಜೆ ಏನು ಹೇಳ್ಲಿ?’

ಗುರುಗಳು ಕತೆ ನಿಲ್ಲಿಸಿದರು. ಮರಿಬಸವ, “ಪಾಪ, ಅಷ್ಟು ವರ್ಷ ಕಾದದ್ದು ವ್ಯರ್ಥವಾಯಿತಲ್ಲ ಗುರುಗಳೇ. ನನಗೆ ಹಾಗಾಗುವುದು ಬೇಡ. ನನ್ನ ಹಂಬಲವನ್ನು ನೀವೇ ಕಿತ್ತುಹಾಕಿಬಿಡಿ” ಎಂದು ಕೈಮುಗಿದ.

“ಆಗಲಿ, ಈಗಲೇ ಕೀಳುತ್ತೇನೆ, ಅದರ ಜೊತೆ ನಿನ್ನ ಅಕ್ಕನೂ ಹೋಗುತ್ತಾಳೆ, ಕೀಳಲೇ?” ಎಂದರು ಗುರುಗಳು.