ಗುರುವಾರದ ಲೋಬಾನ

ಹೆಂಡತಿ ಜುಲೇಖಾ ತೀರಿಕೊಂಡ ಮೇಲೆ ಶಂಕ್ರೆಪ್ಪ ಮನೆಯಲ್ಲಿ ಒಂದು ಹೊಸ ಪೂಜೆ ಶುರು ಮಾಡಿದ. ಅದನ್ನು ಯಾವ ಅಯ್ಯನೂ ಹೇಳಿಕೊಟ್ಟಿರಲಿಲ್ಲ, ಯಾವ ಮುಲ್ಲಾನೂ ಹೇಳಿಕೊಟ್ಟಿರಲಿಲ್ಲ.

ಪ್ರತಿ ಗುರುವಾರ ಸಂಜೆ ದೇವರ ಮನೆಯಲ್ಲಿ ಅವಳ ಫೋಟೊ ಇಡುತ್ತಿದ್ದ. ಅದರ ಮುಂದೆ ದೀಪ, ಬಿಲ್ವಪತ್ರೆ. ಪಕ್ಕದಲ್ಲಿ ದರ್ಗಾದಲ್ಲಿ ಓದಿಸಿ ತಂದ ಸಕ್ಕರೆ. ಬೆಳ್ಳಿಯ ಧೂಪಾರತಿಯಲ್ಲಿ ಲೋಬಾನ. ತನ್ನ ದೇವರೂ ಅವಳ ದೇವರೂ ಒಂದೇ ಹೊಗೆಯಲ್ಲಿ ಕೂಡಿದರೆ ಅವಳೂ ಬಂದಾಳು ಎಂಬ ಆಸೆ ಅವನಿಗೆ.

ಊರವರು ಮೆಚ್ಚಿದರು. ಬದುಕಿದ್ದಾಗ ಅವಳನ್ನು ಒಂದು ಮದುವೆಗೂ ಕರೆಯದ ಜನ ಈಗ ಸಕ್ಕರೆ ಕೇಳಿ ಇಸಿದುಕೊಂಡು ಹೋದರು.

ಆದರೆ ಅವಳು ಬಂದಳು ಅಂತ ಶಂಕ್ರೆಪ್ಪನಿಗೆ ಒಂದು ದಿನವೂ ಅನ್ನಿಸಲಿಲ್ಲ. ಕೊನೆಗೆ ಹೊಳೆದಂಡೆಯ ಮಠಕ್ಕೆ ಹೋಗಿ ತನ್ನ ಗುರು ಮಡಿವಾಳಜ್ಜನವರ ಮುಂದೆ ಕೂತ. ಅಜ್ಜ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು.

"ಅಜ್ಜಾರ, ನನ್ನ ಪೂಜಿಯೊಳಗ ಏನೋ ತಪ್ಪೇತಿ. ಮೊದಲ ದೀಪ ಹಚ್ಚಬೇಕೋ, ಲೋಬಾನ ಹಾಕಬೇಕೋ? ಆಕಿ ಬರವಲ್ಲಳು."

"ಆಕಿ ಇದ್ದಾಗ ಲೋಬಾನ ಎಲ್ಲಿ ಹಾಕ್ತಿದ್ದಳು?"

"ಹಿತ್ತಲದಾಗ್ರಿ. ಬಚ್ಚಲ ಗ್ವಾಡಿ ಮರಿಗೆ, ಒಡೆದ ಹಂಚಿನ ಮ್ಯಾಲ."

"ದೇವರ ಮನ್ಯಾಗ ಯಾಕ ಹಾಕಲಿಲ್ಲ?"

"ಅವ್ವ ಒಪ್ಪತಿರಲಿಲ್ರಿ. ಅವ್ವ ಇರೂತನಕ ತಡಕೋ ಅಂತ ನಾನ ಹೇಳಿದ್ದೆ."

"ನಿಮ್ಮವ್ವ ಹೋಗಿ ಭಾಳ ವರ್ಷ ಆತಲ್ಲ?"

ಶಂಕ್ರೆಪ್ಪ ನೆಲ ನೋಡಿದ. "ಆಮ್ಯಾಲ ಆಕಿ ಕೇಳಲಿಲ್ರಿ. ನಾನೂ ಒಳಗ ಬಾ ಅನ್ನಲಿಲ್ಲ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಅವನಿಗೆ ನಾಚಿಕೆಯಾಯಿತು. ಮಳೆ ಬಂದಾಗ ಅವಳು ಸೆರಗು ಅಡ್ಡ ಹಿಡಿದು ಕೆಂಡ ಕಾಯುತ್ತಿದ್ದದ್ದು ನೆನಪಾಯಿತು. ಅವನು ಅದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತಿರುತ್ತಿದ್ದ.

"ತಪ್ಪಾತ್ರಿ," ಎಂದು ಅತ್ತ. "ಅದಕ್ಕ ಈಗ ಬೆಳ್ಳೀದು ಮಾಡಿಸೀನಿ. ದೇವರ ಮಗ್ಗಲಕ್ಕ ಇಟ್ಟೀನಿ. ಇನ್ನೇನು ಮಾಡಲ್ರಿ, ಅಜ್ಜಾರ?"

ಅಜ್ಜ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ದೇವರನ್ನ ಎತಗೊಂಡು ಹಿತ್ತಲಕ್ಕ ಹೋಗು. ದೇವರ ಮನಿ ದಾರಿ ಆಕಿಗೆ ಗೊತ್ತಿಲ್ಲ."