ಕೊಳಗದ ಮೇಲೆ ಎಳೆದ ಕೋಲು

“ಬುದ್ಧಿ, ನಾವು ಕಟ್ಟೋ ಕಂದಾಯದಲ್ಲೇ ಉಂಡು ನಮಗೇ ನೀರು ನಿಲ್ಲಿಸೋದು ಯಾವ ನ್ಯಾಯ?”

ಕೇಳಿದವನು ಮರುಳಪ್ಪ. ತಾಲ್ಲೂಕು ಊರಿನಲ್ಲಿ ಪುರಸಭೆಯ ಎದುರಿಗೆ ಹೋಟೆಲ್ ನಡೆಸುವವನು, ತಂದೆಯ ಕಾಲದಿಂದ ಮಠಕ್ಕೆ ನಡೆದುಕೊಂಡು ಬಂದ ಮನೆಯವನು. ಮಠದ ಗುರುಗಳಿಗೆ ಅಡ್ಡಬಿದ್ದು ಎದ್ದವನು ಕೂರಲಿಲ್ಲ. ನಿಂತೇ ಮಾತಿಗೆ ತೊಡಗಿದ.

ಪುರಸಭೆಯ ಕಸ ಗುಡಿಸುವವರೂ ನೀರು ಬಿಡುವವರೂ ಸಂಬಳದ ವಿಷಯಕ್ಕೆ ಕೆಲಸ ನಿಲ್ಲಿಸಿ ಅಂದಿಗೆ ಒಂಬತ್ತು ದಿನವಾಗಿತ್ತು. ಆ ಒಂಬತ್ತು ದಿನದಲ್ಲಿ ತನಗೆ ಆದದ್ದನ್ನೆಲ್ಲ ಮರುಳಪ್ಪ ಒಂದೇ ಉಸಿರಿನಲ್ಲಿ ಹೇಳಿದ. ನಲ್ಲಿಯಲ್ಲಿ ನೀರಿಲ್ಲ. ಹೋಟೆಲಿನ ಬಾಗಿಲಲ್ಲೇ ಕಸದ ಗುಡ್ಡೆ. ಗಿರಾಕಿಗಳು ಮೂಗು ಮುಚ್ಚಿಕೊಂಡು ಮುಂದಿನ ಬೀದಿಗೆ ಹೋಗುತ್ತಾರೆ. ಊರಿಗೆ ಹೋದ ಅಡುಗೆಯವನು ವಾಪಸು ಬರುವ ಲಕ್ಷಣವಿಲ್ಲ. ಎಲ್ಲಕ್ಕಿಂತ ಅವನಿಗೆ ಉರಿದದ್ದು ಓಬಳೇಶನ ವಿಷಯ. ಓಬಳೇಶ ಬೀದಿಯ ವಾಲ್ವ್ ತಿರುಗಿಸಿ ಮನೆಮನೆಗೆ ನೀರು ಬಿಡುವವನು. ಎಂಟು ವರ್ಷದಿಂದ ಬೆಳಗಿನ ಕಾಫಿ ಕುಡಿಯುವುದು ಮರುಳಪ್ಪನ ಹೋಟೆಲಿನಲ್ಲೇ. ಈಗ ರಸ್ತೆಯ ಆಚೆ ಶಾಮಿಯಾನ ಹಾಕಿಸಿಕೊಂಡು ಕೂತಿದ್ದಾನೆ.

“ನನ್ನ ಎದುರಿಗೇ ಕೂತವ್ನೆ ಬುದ್ಧಿ. ನನ್ನ ಮುಖ ನೋಡ್ಕೊಂಡೇ ಧಿಕ್ಕಾರ ಕೂಗ್ತಾನೆ.”

ಜೇಬಿನಿಂದ ಒಂದು ಕಾಗದ ತೆಗೆದ. ವರ್ತಕರ ಸಂಘದ ಮನವಿ. ಕೆಲಸ ನಿಲ್ಲಿಸಿದವರನ್ನೆಲ್ಲ ತೆಗೆದುಹಾಕಿ ಹೊರಗಿನವರನ್ನು ತರಬೇಕು ಎಂದು ಅದರಲ್ಲಿತ್ತು. ತೆಗೆಯಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ಓಬಳೇಶನದು. ಹನ್ನೊಂದು ಗಂಟೆಗೆ ಅದನ್ನು ಪುರಸಭೆಯ ಸಾಹೇಬರ ಕೈಗೆ ಕೊಡಬೇಕು. ಗುರುಗಳದೊಂದು ರುಜು ಬಿದ್ದರೆ ಸಾಹೇಬರು ಎರಡು ಮಾತಾಡುವಂತಿಲ್ಲ.

ಗುರುಗಳು ಕಾಗದವನ್ನು ಓದದೆ ಪಕ್ಕಕ್ಕಿಟ್ಟುಕೊಂಡರು. ಅವರಿಗೆ ಅವಸರದವರನ್ನು ಕಂಡರೆ ಆಗುತ್ತಿರಲಿಲ್ಲ.

“ಕೂತ್ಕೋ. ಗಡಿಯಾರ ನೋಡಬೇಡ. ಕತೆ ಉದ್ದವಿಲ್ಲ,” ಎಂದರು.

ಮರುಳಪ್ಪ ಜಗಲಿಯ ಅಂಚಿನಲ್ಲಿ ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನ ಮುಂದೆ ಒಂದು ಕೆರೆಯಿತ್ತು. ಕೆರೆಯ ಕೆಳಗೆ ಊರವರ ಗದ್ದೆಗಳಿದ್ದವು. ತೂಬು ಎತ್ತಿ ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಹಾಯಿಸಲು ಒಬ್ಬ ನೀರಗಂಟಿ ಇದ್ದ. ಅವನ ಅಪ್ಪನೂ ಅಜ್ಜನೂ ಅದೇ ಕೆಲಸ ಮಾಡಿದವರು. ನೀರಗಂಟಿಯಲ್ಲದೆ ಬೇರೆಯವರು ತೂಬು ಮುಟ್ಟಬಾರದು ಎಂಬುದು ಆ ಊರಿನ ಕಟ್ಟಳೆ. ಪಟೇಲನೇ ಆದರೂ ಮುಟ್ಟುವಂತಿರಲಿಲ್ಲ.

ಅವನಿಗೆ ಸಂಬಳವೆಂದು ಬೇರೆ ಇರಲಿಲ್ಲ. ಸುಗ್ಗಿಯಲ್ಲಿ ಚೀಲ ಹಿಡಿದು ಒಂದೊಂದು ಕಣದ ಮುಂದೆಯೂ ನಿಲ್ಲಬೇಕು. ಗದ್ದೆಯವನು ಮೂರು ಕೊಳಗ ಭತ್ತ ಅಳೆದು ಹಾಕಬೇಕು. ಅಜ್ಜನ ಕಾಲದಲ್ಲಿ ಕೊಳಗವನ್ನು ತಲೆ ತುಂಬ ಅಳೆಯುತ್ತಿದ್ದರು. ಕಾಳು ಗುಡ್ಡೆಯಾಗಿ ತಾನೇ ಜಾರುವ ತನಕ ಸುರಿಯುವುದು ಪದ್ಧತಿ. ಜಾರಿದ್ದು ಕಣಕ್ಕೆ, ನಿಂತದ್ದು ನೀರಗಂಟಿಗೆ.

ಒಂದು ವರ್ಷ ಪೈರಿಗೆ ರೋಗ ಬಂತು. ಒಬ್ಬ ರೈತ ಕೊಳಗ ತುಂಬಿ, ಅದರ ಬಾಯಿಯ ಮೇಲೆ ಒಂದು ಕೋಲು ಎಳೆದು, ಗುಡ್ಡೆಯನ್ನು ಕೆಳಕ್ಕೆ ತಳ್ಳಿ ಸಮ ಮಾಡಿ ಕೊಟ್ಟ. ಈ ವರ್ಷಕ್ಕೆ ಮಾತ್ರ ಎಂದ. ಅಂದಿನ ನೀರಗಂಟಿ ಒಪ್ಪಿದ. ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂತು. ಕೋಲು ಮಾತ್ರ ಕಣದಲ್ಲೇ ಉಳಿಯಿತು. ಒಬ್ಬನನ್ನು ನೋಡಿ ಇನ್ನೊಬ್ಬ ಎಳೆದ. ನೀರಗಂಟಿಯ ಮಗ ದೊಡ್ಡವನಾಗಿ ಚೀಲ ಹಿಡಿಯುವ ಹೊತ್ತಿಗೆ ಕೊಳಗ ಎಂದರೆ ಕೋಲು ಎಳೆದ ಕೊಳಗವೇ ಎಂದಾಗಿತ್ತು. ಯಾರನ್ನು ಕೇಳಿದರೂ ಅಂದಿನಿಂದ ಇಂದಿನವರೆಗೆ ಮೂರು ಕೊಳಗ ಕೊಡುತ್ತಲೇ ಇದ್ದೇವೆ, ಒಂದು ಕಾಳೂ ಕಡಿಮೆ ಮಾಡಿಲ್ಲ ಎನ್ನುತ್ತಿದ್ದರು. ಎದೆ ಮುಟ್ಟಿಕೊಂಡೇ ಹೇಳುತ್ತಿದ್ದರು, ಮರುಳಪ್ಪ. ಅವರಿಗೆ ಅದು ಸುಳ್ಳೆಂದು ತಿಳಿದಿರಲಿಲ್ಲ.

ರೈತರನ್ನು ಸುಮ್ಮನೆ ಬೈಯಬೇಡ. ಅರಮನೆಯಿಂದ ಕಂದಾಯದವನು ಬಂದಾಗ ಅವನೂ ಅದೇ ಕಣದಲ್ಲಿ, ಅದೇ ಕೊಳಗದಲ್ಲಿ ಅಳೆಯುತ್ತಿದ್ದ. ಅವನು ಎಂದೂ ಕೋಲು ಎಳೆದವನಲ್ಲ. ತಲೆ ತುಂಬ ಅಳೆದು, ಜಾರಿದ್ದನ್ನೂ ಕಾಲಲ್ಲಿ ತನ್ನ ಕಡೆಗೆ ಸರಿಸಿಕೊಳ್ಳುತ್ತಿದ್ದ. ಅವನ ಮುಂದೆ ಬಾಯಿ ಬಿಡಲಾಗದ ಸಿಟ್ಟು ರೈತರ ಹೊಟ್ಟೆಯಲ್ಲಿತ್ತು. ಅವನು ಹೋದ ಮೇಲೆ ಚೀಲ ಹಿಡಿದು ಬರುತ್ತಿದ್ದವನು ನೀರಗಂಟಿ.

ಈಗಿನ ನೀರಗಂಟಿಗೆ ಮನೆಯಲ್ಲಿ ಭತ್ತ ಸಾಲದೆ ಹೋಯಿತು. ಒಂದು ಸುಗ್ಗಿಯಲ್ಲಿ ಕಣದ ಬಳಿ ನಿಂತು ತನ್ನ ಮಾತು ಹೇಳಿದ. ಕಣದಲ್ಲಿ ದೂಳು, ಅವಸರ. ನೋಡೋಣ ಎಂದರು. ಮರುವರ್ಷ ಹೇಳಿದ. ನೋಡೋಣ ಎಂದರು. ಮೂರನೆಯ ವರ್ಷವೂ ಅದೇ ಆಯಿತು. ನೋಡೋಣ ಎಂದವರು ಅವನು ಏನು ಹೇಳಿದ ಎಂಬುದನ್ನು ಕೇಳಿಸಿಕೊಂಡಿರಲಿಲ್ಲ.

ನಾಲ್ಕನೆಯ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತ್ತು. ತೆನೆ ಹಾಲುಗಟ್ಟುವ ಕಾಲ. ಆಗ ಹತ್ತು ದಿನ ನೀರು ತಪ್ಪಿದರೆ ಕಾಳೆಲ್ಲ ಜೊಳ್ಳಾಗುತ್ತದೆ. ನೀರಗಂಟಿ ತೂಬು ಮುಚ್ಚಿ, ಗುದ್ದಲಿಯನ್ನು ಮಗ್ಗುಲಲ್ಲಿಟ್ಟುಕೊಂಡು ಕೆರೆಯ ಏರಿಯ ಮೇಲೆ ಕೂತುಬಿಟ್ಟ. ಅವನು ಮುಗ್ಧನಲ್ಲ. ಊರಿಗೆ ನೋಯುವ ದಿನವನ್ನೇ ಆರಿಸಿಕೊಂಡಿದ್ದ. ಬೇರೆ ದಿನ ಕೂತರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಮೂರು ವರ್ಷದಲ್ಲಿ ಅವನಿಗೆ ಗೊತ್ತಾಗಿತ್ತು.

ಊರವರು ಚಾವಡಿಯಲ್ಲಿ ಸೇರಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಎಂದು ಒಬ್ಬ ಅಂದ. ಗಾಳಿ ಬಂದಾಗ ತೂರಿಕೊಳ್ಳುತ್ತಿದ್ದಾನೆ ಎಂದು ಇನ್ನೊಬ್ಬ. ನೀರು ದೇವರದು, ಕೆರೆ ನಮ್ಮ ಹಿರಿಯರು ಕಟ್ಟಿಸಿದ್ದು, ನಡುವೆ ಇವನದೇನು ಎಂದು ಮತ್ತೊಬ್ಬ. ಅವನಿಗೆ ಆರು ಕೊಳಗ ಬೇಕಂತೆ ಎಂಬ ಮಾತು ಹುಟ್ಟಿತು. ಸಂಜೆಗೆ ಅದು ಹತ್ತಾಯಿತು. ಅವನ ಹೆಂಡತಿ ಹೊಸ ಸೀರೆ ಉಟ್ಟಿದ್ದನ್ನು ಕಂಡವರಿದ್ದರು. ಹಂಚಿನ ಮನೆ ಕಟ್ಟಿಸುತ್ತಾನಂತೆ ಎಂದವರೂ ಇದ್ದರು. ದಿನವೂ ಸೇರಿದರು, ದಿನವೂ ಬೈದರು. ಏರಿಗೆ ಹೋಗಿ ಅವನನ್ನು ಕೇಳಿದವರು ಯಾರೂ ಇಲ್ಲ. ನೀರಗಂಟಿ ಚಾವಡಿ ಹತ್ತುವಂತಿರಲಿಲ್ಲ. ಚಾವಡಿಯವರು ಅವನ ಬಳಿಗೆ ನಡೆದು ಹೋದರೆ ಮರ್ಯಾದೆ ಉಳಿಯುತ್ತಿರಲಿಲ್ಲ. ನಡುವೆ ಇದ್ದದ್ದು ಕೂಗಳತೆಯ ದೂರ.

ನಾಲ್ಕನೆಯ ದಿನ ಒಬ್ಬ ಗಟ್ಟಿ ಆಳು ಕಟ್ಟಳೆ ಮುರಿದು ತಾನೇ ತೂಬು ಎತ್ತಿದ. ನೀರಗಂಟಿ ತಡೆಯಲಿಲ್ಲ. ಎತ್ತುವುದು ಆ ಆಳಿಗೆ ಗೊತ್ತಿತ್ತು. ಎಷ್ಟು ಎತ್ತಬೇಕು ಎಂಬುದು ಗೊತ್ತಿರಲಿಲ್ಲ. ನೀರು ನುಗ್ಗಿ ಕಾಲುವೆಯ ದಂಡೆ ಒಡೆದು ಹಳ್ಳ ಸೇರಿತು. ನಾಲ್ಕು ಜನ ಸೇರಿ ಹೇಗೋ ತೂಬು ಮುಚ್ಚಿದರು. ಆಮೇಲೆ ಯಾರೂ ಅದರ ತಂಟೆಗೆ ಹೋಗಲಿಲ್ಲ.

ಕೆರೆಯ ಮಗ್ಗುಲ ಗದ್ದೆಗಳು ದೊಡ್ಡವರವು. ಅಲ್ಲಿ ಕೆರೆಯಿಂದ ಒಸರುವ ಬಸಿನೀರು ಇದ್ದೇ ಇರುತ್ತದೆ. ಅವರಿಗೆ ಕಾಯುವುದು ಕಷ್ಟವಾಗಲಿಲ್ಲ. ಎಲ್ಲ ಗದ್ದೆಗಳ ಕೊನೆಗೆ, ಮರಳು ನೆಲದಲ್ಲಿ, ಒಬ್ಬ ಹೆಂಗಸಿನ ತುಂಡು ಗದ್ದೆಯಿತ್ತು. ಗಂಡನಿಲ್ಲ. ಇಬ್ಬರು ಮಕ್ಕಳ ವರ್ಷದ ಅನ್ನ ಆ ತುಂಡಿನಲ್ಲೇ ಹುಟ್ಟಬೇಕು. ಊರಿಗೆಲ್ಲ ಅವಳೊಬ್ಬಳೇ ಕೋಲು ಎಳೆಯದವಳು. ಅಳೆಯುವಾಗ ಕೈ ನಡುಗಬಾರದು ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳಂತೆ.

ನೀರಗಂಟಿ ಕೇಳುತ್ತಿರುವುದು ಏನೆಂದು ಅವಳಿಗೆ ಗೊತ್ತಿತ್ತು. ಚಾವಡಿಗೆ ಹೊರಟಿದ್ದ ಒಬ್ಬನನ್ನು ದಾರಿಯಲ್ಲಿ ನಿಲ್ಲಿಸಿ ಹೇಳಿಯೂ ಹೇಳಿದಳು. ಊರ ವಿಚಾರ ನಿನಗೇಕೆ ಎಂದು ಅವನು ಹೊರಟುಹೋದ. ಆರನೆಯ ದಿನ ಗದ್ದೆ ಬಿರುಕು ಬಿಟ್ಟಿತು. ಅವಳು ಏರಿ ಹತ್ತಿದಳು.

“ಅಣ್ಣಾ, ನಾನು ಕೋಲು ಎಳೆದೋಳಲ್ಲ. ನನ್ನ ಗದ್ದೆಗಾದ್ರೂ ಬಿಡು,” ಎಂದಳು.

ನೀರಗಂಟಿ ಕೈಯೆತ್ತಿ ಕಾಲುವೆಯ ದಾರಿ ತೋರಿಸಿದ.

“ತಾಯೀ, ನಿನ್ನ ಗದ್ದೆಗೆ ಬರೋ ನೀರು ಅವರೆಲ್ಲರ ಗದ್ದೆ ದಾಟೇ ಬರಬೇಕು. ನಿನಗೊಬ್ಬಳಿಗೇ ಬಿಡೋ ದಾರಿ ಇದ್ದಿದ್ರೆ ನಾನು ಇಲ್ಲಿ ಕೂರ್ತಾನೇ ಇರ್ಲಿಲ್ಲ.”

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಇಳಿದು ಹೋದಳು. ಅಂದು ಅವನು ಎರಡು ಕೊಡ ಹಿಡಿದು ಅವಳ ಗದ್ದೆಗೆ ನೀರು ಹೊತ್ತ. ಮರುದಿನವೂ ಹೊತ್ತ. ಹೆಗಲು ಸುಲಿಯಿತು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮರಳು ನೆಲ ಕೊಡಗಟ್ಟಲೆ ಕುಡಿದು ಹಾಗೆಯೇ ಒಣಗಿತ್ತು. ತೂಬು ಎತ್ತಿಬಿಡೋಣ ಎಂದು ಎರಡು ಸಲ ಗುದ್ದಲಿ ಕೈಗೆತ್ತಿಕೊಂಡ. ಎತ್ತಿದರೆ ತನ್ನ ಮಕ್ಕಳೂ ಮೊಮ್ಮಕ್ಕಳೂ ಕೋಲು ಎಳೆದ ಕೊಳಗಕ್ಕೇ ಚೀಲ ಹಿಡಿಯಬೇಕು. ಎರಡು ಸಲವೂ ಗುದ್ದಲಿ ಕೆಳಗಿಟ್ಟ.

ಒಂಬತ್ತನೆಯ ದಿನ ದೊಡ್ಡವರ ಗದ್ದೆಗೂ ಬಸಿನೀರು ಸಾಲದೆ ಹೋಯಿತು. ಆಗ ಊರು ಅವನನ್ನು ಕರೆಸಿತು. ಅವನು ಚಾವಡಿಯ ಮೆಟ್ಟಿಲ ಕೆಳಗೆ ನಿಂತ. ಎಷ್ಟು ಬೇಕು ನಿನಗೆ ಎಂದು ಪಟೇಲ ಕೇಳಿದ.

“ಕೋಲು ಎಳೀಬೇಡಿ. ಅಷ್ಟೇ,” ಎಂದ ನೀರಗಂಟಿ.

ಚಾವಡಿಯಲ್ಲಿ ಒಬ್ಬನಿಗೆ ನಗು ಬಂತು. ಇನ್ನೊಬ್ಬನಿಗೆ ಸಿಟ್ಟು ಬಂತು, ಇಷ್ಟನ್ನು ಮೊದಲೇ ಬಾಯಿಬಿಟ್ಟು ಹೇಳಲು ಇವನಿಗೇನಾಗಿತ್ತು ಎಂದು. ಕೊನೆಗೆ ಊರವರು ಸರಿ ಎಂದರು. ನೀರಗಂಟಿ ಹೋಗಿ ತೂಬು ಎತ್ತಿದ. ನೀರು ಗದ್ದೆಯಿಂದ ಗದ್ದೆಗೆ ಹರಿದು, ಕೊನೆಯ ತುಂಡಿಗೆ ತಲುಪುವಾಗ ಇನ್ನೂ ಎರಡು ದಿನವಾಗಿತ್ತು.

ಸುಗ್ಗಿ ಬಂತು. ನೀರಗಂಟಿ ಚೀಲ ಹಿಡಿದು ಕಣದಿಂದ ಕಣಕ್ಕೆ ಹೋದ. ಕಾಳು ಮೊದಲಿಗಿಂತ ಕಡಿಮೆಯೇ ಇತ್ತು. ಆದರೂ ಎಲ್ಲರೂ ತಲೆ ತುಂಬ ಅಳೆದರು. ಕೆಲವರು ಗೊಣಗಿಕೊಂಡು ಅಳೆದರು. ಕೊನೆಗೆ ಆ ಹೆಂಗಸಿನ ಕಣ ಉಳಿಯಿತು. ಹೋಗದಿರೋಣ ಎಂದುಕೊಂಡ. ಆದರೆ ನೀರಗಂಟಿ ನಿಲ್ಲದ ಕಣದ ಭತ್ತ ಮನೆಯೊಳಗೆ ಹೋಗಬಾರದು ಎಂಬುದೂ ಕಟ್ಟಳೆಯೇ. ಹೋಗಿ ನಿಂತ.

ಕಣದಲ್ಲಿ ಇದ್ದದ್ದು ಜೊಳ್ಳು. ಅವಳು ಕೊಳಗ ತಂದಳು. ಆ ಜೊಳ್ಳನ್ನೇ ತಲೆ ತುಂಬ, ಜಾರುವ ತನಕ ಸುರಿದು, ಮೂರು ಸಲ ಅಳೆದು ಅವನ ಚೀಲಕ್ಕೆ ಹಾಕಿದಳು. ಕೋಲು ಎಳೆಯಲಿಲ್ಲ. ಅವನ ಮೇಲಿನ ಸಿಟ್ಟಿಗೆ ಹಾಗೆ ಮಾಡಿದಳೋ, ಅತ್ತೆಯ ಮಾತು ಮೀರಬಾರದೆಂದು ಮಾಡಿದಳೋ, ಅವನಿಗೆ ತಿಳಿಯಲಿಲ್ಲ. ತನ್ನ ಚೀಲದ ಭತ್ತವನ್ನು ಅವಳ ಕಣಕ್ಕೆ ಸುರಿಯಲು ಬಗ್ಗಿದ. ಅವಳು ಕೈ ಅಡ್ಡ ಹಿಡಿದಳು.

ಎಲ್ಲ ಕಣದ ಭತ್ತದ ಜೊತೆಗೆ ಆ ಜೊಳ್ಳೂ ಬೆರೆತುಹೋಯಿತು. ಆ ವರ್ಷ ನೀರಗಂಟಿಯ ಮನೆಯಲ್ಲಿ ಭತ್ತ ಕುಟ್ಟುವ ಮೊದಲು ಪ್ರತಿ ಸಲವೂ ಅದನ್ನು ಕೇರಿ ತೆಗೆಯಬೇಕಾಯಿತು. ಮೊರದಿಂದ ಹಾರಿದ ಜೊಳ್ಳು ಬಾಗಿಲಲ್ಲಿ ಕೂತ ಅವನ ಮೈಮೇಲೆ ಬೀಳುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಪ್ಪ ಇನ್ನೂ ಏನೋ ಇದೆ ಎಂದು ಕಾದ. ಇರಲಿಲ್ಲ. ಅವನ ಕಣ್ಣು ಮತ್ತೆ ಗಡಿಯಾರದ ಕಡೆಗೆ ಹೋಯಿತು, ಅರ್ಧಕ್ಕೆ ನಿಂತಿತು.

“ಆ ಹೆಣ್ಮಗಳು ಏನು ಮಾಡಿದ್ಲು ಬುದ್ಧಿ? ನಾನೂ ಅವಳಂಗೇ ಅಲ್ವಾ? ಒಂದು ವರ್ಷವೂ ಕಂದಾಯ ಬಾಕಿ ಇಟ್ಟೋನಲ್ಲ. ನನ್ನ ಬಾಗಿಲಿಗ್ಯಾಕೆ ಕಸ ಬೀಳಬೇಕು?”

ಗುರುಗಳು ಅಲ್ಲ ಎನ್ನಲಿಲ್ಲ. ಅವನಿಗೆ ನೋವಾಗಿದೆ ಎಂಬುದು ಅವರಿಗೆ ಕಾಣುತ್ತಿತ್ತು. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿದ್ದ ಮನವಿಯನ್ನು ಕೈಗೆತ್ತಿಕೊಂಡರು. ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಹಿಂಬದಿ ಖಾಲಿಯಿತ್ತು. ಮರುಳಪ್ಪ ಪೆನ್ನು ತೆಗೆದು ಮುಂದೆ ಹಿಡಿದ.

ಗುರುಗಳು ಪೆನ್ನು ಮುಟ್ಟದೆ ಕೇಳಿದರು: “ಅವರು ಮಾಡಿದ ತಪ್ಪು ಹದಿನಾಲ್ಕು ಬರೆದಿದ್ದೀರಿ ಮರುಳಪ್ಪ, ಅವರು ಕೇಳ್ತಾ ಇರೋದು ಏನು ಅನ್ನೋದು ಇದರಲ್ಲಿ ಎಲ್ಲಿದೆ?”

ಮರುಳಪ್ಪನಿಗೆ ಅದು ಗೊತ್ತಿರಲಿಲ್ಲ.